ಬಿ ಸೈಡಿನ ಕೆಮ್ಮು

ಬೊಂಬಾಯಿಗೆ ಬೆಲ್ಲ ಒಯ್ದ ಲಾರಿ ಬರಿಗೈಲಿ ಬರಬಾರದೆಂದು
ಬೋರಲಿಂಗನ ಸೋದರಮಾವ
ಫುಟ್‌ಪಾತಿನಲ್ಲಿ ಕೊಂಡು ತಂದ ಕ್ಯಾಸೆಟ್ಟು ಅದು.
ಡಬ್ಬಿಯ ಮೂಲೆಗೆ ಬೆಲ್ಲದ ಅಂಟು.
ಮೇಲಿನ ಚಿತ್ರದಲ್ಲಿ ಬಯಲು,
ಬಯಲ ನಡುವೆ ಒಂದು ಬಿಳಿಯ ಸ್ನಾನದ ತೊಟ್ಟಿ,
ತೊಟ್ಟಿಯೊಳಗೆ ಬೂಟು ಬಿಚ್ಚದೆ ಕೂತ ನಾಲ್ವರು.
ಬ್ಯಾಂಡಿನ ಹೆಸರು ಓದಲು ಇಬ್ಬರಿಗೂ ಬರಲಿಲ್ಲ.
ತೊಟ್ಟಿಯೋರು ಅಂದೆವು. ಹಾಗೇ ಉಳಿಯಿತು.

"ಒಬ್ನೇ ಕೇಳು," ಅಂದ ಬೋರ,
"ಊಟಕ್ ಮುಂಚೆ ಕೇಳು.
ಮೂರ್ನೇ ಹಾಡ್ಗೆ ಎದ್ದೋಗ್ಬ್ಯಾಡ,
ಕೆಟ್ಟದಾಗಿ ಸುರುವಾಯ್ತದೆ, ಆಮೇಕ್ ನೋಡು."
ಡಾಕ್ಟರು ಚೀಟಿ ಬರೆದಂತೆ ಹೇಳಿದ.
ನಾನೂ ಹಾಗೇ ಸೇವಿಸಿದೆ.
ಹಾಡುವವನು ಏನನ್ನುತ್ತಾನೋ ತಿಳಿಯದು;
ಯಾರೋ ಅವನಿಗೆ ಬಾಗಿಲು ತೆಗೆಯಲಿಲ್ಲ
ಅನ್ನುವುದಷ್ಟು ತಿಳಿಯಿತು.
ಆ ರಾತ್ರಿ ಮುದ್ದೆ ಆರಿಹೋಯಿತು.

ಕಾಪಿಗೆ ಅಂಗಡಿಯವ ಹದಿನೈದು ರೂಪಾಯಿ ಕೇಳಿದ.
ಅವರ ಮನೆಯದೊಂದು, ನಮ್ಮ ಮನೆಯದೊಂದು
ಟೇಪ್‌ರೆಕಾರ್ಡರ್ ಹೊತ್ತು ತಂದು
ಗುತ್ತಲು ರಸ್ತೆಯ ಅವನ ಕೋಣೆಯಲ್ಲಿ
ಹೆಣ್ಣು ನೋಡುವ ಶಾಸ್ತ್ರದ ಹಾಗೆ
ಎದುರುಬದುರು ಕೂರಿಸಿದೆವು.
ಹೊಲಿಗೆ ಮಿಷನ್ನು ನಿಲ್ಲಿಸಲು ಅವನ ಅಕ್ಕನಿಗೆ
ಎರಡು ಬೋಂಡ ಲಂಚ.
ಫ್ಯಾನು ಆರಿಸಿ, ಕಿಟಕಿ ಜಡಿದು,
ಬೆವರು ಕೂಡ ಸದ್ದಿಲ್ಲದೆ ಇಳಿಯಿತು.

ಎ ಸೈಡು ಸುಸೂತ್ರ.
ಬಿ ಸೈಡಿನಲ್ಲಿ ಗಿಟಾರು ಒಂದೇ ತಂತಿ ಹಿಡಿದು
ಏರಿ ಏರಿ ಇನ್ನೇನು ಬೀಳಬೇಕು,
ಸಕ್ಕರೆ ಕಾರ್ಖಾನೆಯ ಸೈರನ್ನು ಊರ ಮೇಲೆ ಎದ್ದಿತು.
ಅದು ಇಳಿದಾದ ಮೇಲೆ
ಬೋರಲಿಂಗ ಕೆಮ್ಮಿದ. ಒಂದೇ ಸಲ.
ಎರಡು ಹಾಡಿನಿಂದ ತಡೆದಿಟ್ಟಿದ್ದ ಕೆಮ್ಮು.

ಇನ್ನೊಂದು ಖಾಲಿ ಕ್ಯಾಸೆಟ್ಟಿಗೆ ಕಾಸಿರಲಿಲ್ಲ.
ಅದೇ ಕಾಪಿ ಊರೂರು ತಿರುಗಿತು:
ಪಿಯುಸಿಯ ಚನ್ನಾಜಪ್ಪ, ಅವನ ಭಾವನ ಮದ್ದೂರಿನ ಟೈರಂಗಡಿ,
ಶ್ರೀರಂಗಪಟ್ಟಣದ ಯಾರೋ ಬ್ಯಾಂಡ್‌ಸೆಟ್ಟಿನವನು,
ಕಾಪಿಯ ಕಾಪಿ, ಅದರ ಕಾಪಿ.
ಕೊಡುವಾಗೆಲ್ಲ ಅದೇ ಚೀಟಿ:
ಒಬ್ನೇ, ಊಟಕ್ ಮುಂಚೆ, ಎದ್ದೋಗ್ಬ್ಯಾಡ.

ಆಮೇಲೆ ಜಗಳ.
ಎ ಸೈಡೇ ಮೇಲು ಅಂದ ಅವನು, ಬಿ ಅಂದೆ ನಾನು.
"ನಿಂಗೆ ಕಿವೀನೇ ಇಲ್ಲ ಕಣ್ಲಾ."
"ಕೆಮ್ಮಿ ಕೆಡಿಸ್ದೋನು ನೀನು."
ಇಷ್ಟಕ್ಕೆ ಹನ್ನೊಂದು ವರ್ಷ.
ಪೇಟೆಬೀದಿಯಲ್ಲಿ ಎದುರಾದರೆ
ಇಬ್ಬರಿಗೂ ಒಮ್ಮೆಲೇ ಬಾಳೆಕಾಯಿ ರೇಟಿನಲ್ಲಿ ಆಸಕ್ತಿ.

ಮೈಸೂರಿನ ಬನ್ನಿಮಂಟಪದಲ್ಲಿ
ಕಚೇರಿಯ ಲೆಡ್ಜರು ಬೈಂಡಿಂಗಿಗೆ ಕೊಡಲು ಹೋದಾಗ
ಗೋಂದು ಕಲಸುತ್ತ ಕೇಳಿದರು ಜೆಸಿಂತಾ ಮೇಡಂ,
"ಹಾಡು ಗೀಡು ಕೇಳ್ತೀರಾ?"
ಡ್ರಾಯರು ತೆಗೆದರು. ಬಾಲ್‌ಪೆನ್ನಿನಲ್ಲಿ
ಯಾರೋ ಬಿಡಿಸಿದ ತೊಟ್ಟಿ.

"ತಗೊಳ್ಳಿ. ಒಬ್ಬರೇ ಕೇಳಿ, ಊಟಕ್ಕೆ ಮೊದಲು.
ಮೂರನೇ ಹಾಡಿಗೆ ಎದ್ದು ಹೋಗಬೇಡಿ.
ಬಿ ಸೈಡಲ್ಲಿ ಗಿಟಾರ್ ಮಧ್ಯೆ ಒಂದು ಸೈರನ್ ಬರುತ್ತೆ,
ಎಂಥ ಐಡಿಯಾ ಅಂತೀರಿ!
ಅದು ನಿಂತ ಮೇಲೆ ಯಾರೋ ಒಬ್ಬ ಕೆಮ್ಮುತ್ತಾನೆ.
ಆ ಕೆಮ್ಮಿಗೆ ನನಗೆ ಪ್ರತಿ ಸಲ ಅಳು.
ನನ್ನ ತಮ್ಮ ದುಡ್ಡು ಕೊಟ್ಟು ಒರಿಜಿನಲ್ ತಂದ,
ಅದರಲ್ಲಿ ಅದೇ ಇಲ್ಲ. ಕತ್ತರಿಸಿಬಿಟ್ಟಿದ್ದಾರೆ ಕಳ್ಳರು.
ವಾಪಸ್ ಕೊಟ್ಟು ಬಾ ಅಂದೆ."

ನಾನು ಲೆಡ್ಜರಿನ ಪುಟ ಎಣಿಸಿದೆ.
ಹೇಳಬಹುದಿತ್ತು.
ಬಾಯಿ ತೆರೆದದ್ದು ನಿಜ; ಬಂದದ್ದು
"ಕೇಳ್ತೀನಿ" ಅನ್ನುವ ಒಂದು ಮಾತು.

ಸಂಜೆ ಪ್ಯಾಸೆಂಜರ್ ಗಾಡಿ. ಯಲಿಯೂರಿನ ಬಳಿ ಕ್ರಾಸಿಂಗು.
ಮಂಡ್ಯದಲ್ಲಿ ಇಳಿದವನು ಮನೆಗೆ ಹೋಗಲಿಲ್ಲ.
ಗುತ್ತಲು ರಸ್ತೆಯ ಅದೇ ಬಾಗಿಲು,
ಒಳಗೆ ಹೊಲಿಗೆ ಮಿಷನ್ನಿನ ಸದ್ದು.
ಎ ಸೈಡೇ ಮೇಲು ಅನ್ನಲು ಹೋಗಿರಲಿಲ್ಲ ನಾನು,
ಅದು ಸುಳ್ಳು.
ಬಾಗಿಲು ತೆಗೆದವನಿಗೆ, ಚಪ್ಪಲಿ ಬಿಡದೆ,
ಇಷ್ಟೇ ಅಂದೆ:
"ಬನ್ನಿಮಂಟಪದಲ್ಲೊಬ್ರು ನಿನ್ ಕೆಮ್ಮು ಕೇಳಿ ಅಳ್ತರೆ ಕಣ್ಲಾ."

ಅವನು ಬಹಳ ಹೊತ್ತು ನೋಡಿದ.
ಲುಂಗಿ ಎತ್ತಿ ಕಟ್ಟಿ,
"ಯಾವ್ ಸೈಡು?" ಅಂದ.